ದೊಡ್ಡಮ್ಮನ ಹೆಸರಿನ ಪುಟ

...ಇಲ್ಲ ದೊಡ್ಡಮ್ಮ, ಜಗಳ ಆಡ್ಕೊಂಡು ಬಂದಿದ್ದಲ್ಲ! ಇವರ ಜೊತೆ ಏನೂ ಜಗಳ ಇಲ್ಲ. ನಾನಿಲ್ಲಿಗೆ ಬಂದಿರೋದೇ ಅವರಿಗೆ ಗೊತ್ತಿಲ್ಲ. ಅವರು ಪಾರ್ಸೆಲ್ ತಗೊಂಡು ಕೊರಿಯರ್ ಆಫೀಸಿಗೆ ಹೋದ್ರು, ನಾನು ಹಿಂದೇನೇ ಬೀಗ ಹಾಕ್ಕೊಂಡು ಬಂದ್ಬಿಟ್ಟೆ. ಒಂದ್ನಿಮಿಷ... ಈ ಬಾಗಿಲು ಸ್ವಲ್ಪ ಮುಂದಕ್ಕೆ ಮಾಡ್ಲಾ? ಚಿಲಕ ಹಾಕಲ್ಲ, ಸುಮ್ನೆ ಮುಂದಕ್ಕೆ. ಯಾಕೆ ನಗ್ತೀಯ? ಹಗಲು ಹನ್ನೊಂದು ಗಂಟೆಗೆ ಕಳ್ಳಿ ಥರ ಬಾಗಿಲು ಹಾಕ್ತಾಳೆ ಅಂತಾನಾ? ...ನಗ್ತಾ ಇಲ್ವಾ? ನಗ್ತಾ ಇದೀಯ ಅಂದ್ಕೊಂಡೆ.

ನೀರು ಬೇಡ. ಏನೂ ಬೇಡ. ನೀನು ಕೂತ್ಕೋ. ಆ ಬೀನ್ಸ್ ತಟ್ಟೆ ಇಲ್ಲಿ ಕೊಡು, ನಾನೂ ನಾರು ತೆಗೀತೀನಿ. ಕೈಗೊಂದು ಕೆಲಸ ಇದ್ರೆ ಬಾಯಿ ತಡವರಿಸಲ್ಲ.

ಕೇಳು. ನಿನ್ನ ಹತ್ರ ಒಂದೇ ಒಂದು ಮಾತು ನಡೆಸಿಕೊಡು ಅಂತ ಕೇಳೋಕೆ ಬಂದಿದೀನಿ. ಯಾರಾದ್ರೂ ಫೋನ್ ಮಾಡಿ, ಇಲ್ಲಾ ಮನೆ ಹುಡುಕ್ಕೊಂಡು ಬಂದು, 'ಹೆರಿಗೆ ವಾರ್ಡಲ್ಲಿದ್ದ ಸಿಸ್ಟರು ನೀವೇನಾ' ಅಂತ ಕೇಳಿದ್ರೆ... ಅಲ್ಲ ಅಂದ್ಬಿಡು. ಅಲ್ಲ ಅನ್ನೋಕಾಗಲ್ಲ, ಅದು ಸುಳ್ಳಾಗುತ್ತೆ ಅಂದ್ರೆ... ನನಗೇನೂ ಗೊತ್ತಿಲ್ಲಮ್ಮ, ವಯಸ್ಸಾಯ್ತು, ನೆನಪಿರಲ್ಲ ಅನ್ನು. ಅಯ್ಯೋ, ಗೊತ್ತು ನಂಗೆ! ಮೂವತ್ತೊಂದು ವರ್ಷದ ಹಿಂದೆ ಹುಟ್ಟಿದ ಮಗು ಎಷ್ಟು ತೂಕ ಇತ್ತು ಅಂತ ಈಗಲೂ ಹೇಳ್ತೀಯ ನೀನು. ಆದ್ರೂ... ಒಂದ್ಸಲ ಮರೆತ ಹಾಗೆ ಮಾಡಿದ್ರೆ ಏನು ಗಂಟು ಹೋಗುತ್ತೆ?

ಯಾಕೆ ಅಂತ ಹೇಳ್ತೀನಿ. ಎಲ್ಲಾ ಹೇಳ್ತೀನಿ. ಮೊದಲಿಂದ ಹೇಳ್ದೇ ಇದ್ರೆ ನಿನಗೆ ನಾನು ಕೆಟ್ಟೋಳ ಥರ ಕಾಣ್ತೀನಿ.

ನಮ್ಮ ಅಂಗಡಿ ನಿನಗೆ ಗೊತ್ತಲ್ಲ. ಮೊದಲನೇ ಸಲ ಬಂದಾಗ 'ಅಂಗಡಿ ಎಲ್ಲೇ' ಅಂತ ಕೇಳಿದ್ದೆ ನೀನು, ನಾನು ಲ್ಯಾಪ್‌ಟಾಪ್ ತೋರಿಸಿದ್ದೆ, ನೀನು ಅದರ ಹಿಂದೆ ಬಗ್ಗಿ ನೋಡಿದ್ದೆ! ಹಿಂದಿನ ರೂಮಲ್ಲಿ ಎರಡು ಹೊಲಿಗೆ ಮಷೀನು, ಟೈಲರಕ್ಕ, ಕಪಾಟಿನ ತುಂಬ ಎಳೆ ಮಕ್ಕಳ ಟೋಪಿ, ಕಾಲುಚೀಲ, ಸುತ್ತೋ ಬಟ್ಟೆ. ಟೈಲರಕ್ಕ ಹೊಲಿಯೋದು, ಇವರು ಪ್ಯಾಕ್ ಮಾಡೋದು, ನಾನು ಫೋಟೋ ತೆಗೆದು ಅದರ ಕೆಳಗೆ ನಾಲ್ಕು ಮಾತು ಬರೆಯೋದು. ಅಷ್ಟೇ ನಮ್ಮ ಅಂಗಡಿ.

ಈಗ, ಯಾವಳೋ ಬಸುರಿ ಎಲ್ಲೋ ಕೂತ್ಕೊಂಡು ಫೋನಲ್ಲಿ 'ಎಳೆ ಮಗುವಿಗೆ ಟೋಪಿ' ಅಂತ ಹುಡುಕ್ತಾಳೆ ಅಂತಿಟ್ಕೋ. ಮೊದಲನೇ ಪುಟದಲ್ಲಿ ಹತ್ತು ಅಂಗಡಿ ಹೆಸರು ಬರುತ್ತೆ. ಅದರಲ್ಲಿ ನಮ್ಮದು ಮೂರನೇದು. ನಾಲ್ಕು ವರ್ಷ ಮೂರನೇದು ದೊಡ್ಡಮ್ಮ! ಯಾರಿಗೂ ಲಂಚ ಕೊಟ್ಟಿರಲಿಲ್ಲ, ಯಾರ ಕಾಲೂ ಹಿಡಿದಿರಲಿಲ್ಲ. ಯಾಕೆ ಮೂರನೇದು ಅಂತ ನಮಗೂ ಗೊತ್ತಿರಲಿಲ್ಲ. ತಾನಾಗೇ ಬಂದಿದ್ದು ತಾನಾಗೇ ಹೋಗಬಹುದು ಅಂತ ಮಾತ್ರ ಹೊಳೀಲಿಲ್ಲ ನೋಡು. ಹತ್ತರಾಚೆ ಯಾರೂ ನೋಡಲ್ಲ. ಎರಡನೇ ಪುಟ ಅಂದ್ರೆ ಊರಾಚೆ. ನಾಲ್ಕನೇ ಪುಟ ಅಂದ್ರೆ ಸ್ಮಶಾನ, ಅಲ್ಲಿಗೆ ಹೊತ್ಕೊಂಡೇ ಹೋಗಬೇಕು.

ಏಳು ತಿಂಗಳ ಹಿಂದೆ, ಒಂದು ಮಂಗಳವಾರ. ಬೆಳಿಗ್ಗೆ ಎದ್ದು ನೋಡ್ತೀನಿ, ರಾತ್ರಿಯಿಂದ ಒಂದೂ ಆರ್ಡರ್ ಇಲ್ಲ. ದಿನಕ್ಕೆ ಮೂವತ್ತು ನಲವತ್ತು ಬರ್ತಿದ್ದದ್ದು! ನೆಟ್ ಹೋಗಿರಬೇಕು ಅಂದ್ಕೊಂಡೆ. ಇವರ ಫೋನಲ್ಲಿ ಹುಡುಕಿದೆ, ಟೈಲರಕ್ಕನ ಫೋನಲ್ಲಿ ಹುಡುಕಿದೆ. ನಮ್ಮ ಫೋನು ನಮ್ಮ ಮನಸ್ಸಿಗೆ ಹಿಡಿಸೋ ಹಾಗೆ ತೋರಿಸುತ್ತಂತೆ, ಸುಳ್ಳು ಹೇಳುತ್ತಂತೆ, ಅದಕ್ಕೆ ಬೇರೆಯವರದ್ದರಲ್ಲಿ ನೋಡಬೇಕು. ಮೂವತ್ತೇಳನೇದು. ನಾವು ಮೂವತ್ತೇಳನೇದು! ಈ ಹುಡುಕಿ ತೋರಿಸೋ ಕಂಪನಿಯವರು ಅದೇನೋ ಅಲ್ಗಾರಿದಮ್ ಬದಲಾಯಿಸಿದ್ರಂತೆ... ಅಂದ್ರೆ, ಯಾರನ್ನ ಮುಂದೆ ಕೂರಿಸಬೇಕು, ಯಾರನ್ನ ಹಿಂದೆ ತಳ್ಳಬೇಕು ಅನ್ನೋ ಲೆಕ್ಕಾಚಾರ. ಅದು ಮನುಷ್ಯ ಅಲ್ಲ, ಮಷೀನು. ಆ ಲೆಕ್ಕಾಚಾರ ಏನು ಅಂತ ಯಾರಿಗೂ ಬಿಡಿಸಿ ಹೇಳಲ್ಲ. ನಾವು ತಪ್ಪು ಮಾಡಿದ್ವಾ? ಯಾರಾದ್ರೂ ಚಾಡಿ ಹೇಳಿದ್ರಾ? ಕೇಳೋಣ ಅಂದ್ರೆ ತಟ್ಟೋಕೆ ಒಂದು ಬಾಗಿಲಿಲ್ಲ. ನಿನ್ನ ಆಸ್ಪತ್ರೇಲಿ ಮೇಟ್ರನ್ ಬೈದ್ರೆ ಯಾಕೆ ಬೈದ್ರು ಅಂತನಾದ್ರೂ ಗೊತ್ತಾಗ್ತಿತ್ತು ಅಲ್ವಾ? ಇಲ್ಲಿ ಬೈಯೋರೂ ಇಲ್ಲ. ಬರೀ ಇಲ್ಲವಾಗಿಬಿಡ್ತೀವಿ. ಇದ್ದೂ ಇಲ್ಲದ ಹಾಗೆ...

ಹೆದರಿಕೆ ಅಂದ್ರೆ ಹಿಂಗಿರುತ್ತೆ ಅಂತ ಗೊತ್ತಿರಲಿಲ್ಲ. ಟೈಲರಕ್ಕ ಬರ್ತಾಳೆ, ಮಷೀನಿಗೆ ಎಣ್ಣೆ ಬಿಡ್ತಾಳೆ, ಕೂರ್ತಾಳೆ. ಹೊಲಿಯೋಕೆ ಏನೂ ಇಲ್ಲ. 'ಅಕ್ಕಾ, ಇವತ್ತು ಕಪಾಟು ಒರೆಸ್ಲಾ' ಅಂತಾಳೆ. ನಿನ್ನೆ ಒರೆಸಿದ ಕಪಾಟನ್ನೇ ಒರೆಸ್ತಾಳೆ. ಇವರು ಖಾಲಿ ಡಬ್ಬಗಳನ್ನ ಅಳತೆ ಪ್ರಕಾರ ಜೋಡಿಸ್ತಾರೆ, ಕೆಡವ್ತಾರೆ, ಜೋಡಿಸ್ತಾರೆ. ನಾನು ಐದು ನಿಮಿಷಕ್ಕೊಂದ್ಸಲ ನೋಡೋದು. ಮೂವತ್ತೇಳು. ನಲವತ್ತೊಂದು. ಮೂವತ್ತೊಂಬತ್ತು. ಬಚ್ಚಲುಮನೇಲಿ ನಲ್ಲಿ ಬಿಟ್ಕೊಂಡು ಫೋನ್ ನೋಡೋದು!

ಆಮೇಲೆ ಒಬ್ಬರು ಸಿಕ್ಕಿದ್ರು. ನಾವು ಅವರನ್ನ ಪುಟದ ಡಾಕ್ಟರು ಅಂತೀವಿ. ಬಿದ್ದುಹೋದ ಅಂಗಡಿಗಳನ್ನ ಎತ್ತಿ ನಿಲ್ಲಿಸೋದೇ ಅವರ ಕಸುಬು. ಅವರು ನೋಡಿ ಹೇಳಿದ್ರು, 'ಅಮ್ಮಾ, ಈಗ ಮಷೀನು ಬರಿ ಮಾತು ನೋಡಲ್ಲ, ಮಾತು ಯಾರದ್ದು ಅಂತ ನೋಡುತ್ತೆ. ಎಳೆ ಮಕ್ಕಳ ವಿಷಯ ಬೇರೆ. ಬರೆದೋರಿಗೆ ಅನುಭವ ಇದೆಯಾ, ಓದು ಇದೆಯಾ, ನಂಬಬಹುದಾ ಅಂತ ನೋಡುತ್ತೆ. ನೀವು ಯಾರು?' ಅಂದ್ರು. ನಾನು ಯಾರು? ಬಿಕಾಂ ಓದಿದೀನಿ ಅಂದೆ. ನಕ್ಕುಬಿಟ್ರು. 'ನಿಮ್ಮ ಕಡೆ ಡಾಕ್ಟರೋ ನರ್ಸೋ ಯಾರೂ ಇಲ್ವಾ?'

...ಹೂಂ. ಅಲ್ಲೇ. ಅಲ್ಲೇ ನನಗೆ ನೀನು ನೆನಪಾಗಿದ್ದು.

ನಿಲ್ಲು ನಿಲ್ಲು, ತಟ್ಟೆ ಕೆಳಗಿಡಬೇಡ. ಬೈಯೋದಾದ್ರೆ ಕೊನೇಲಿ ಒಟ್ಟಿಗೆ ಬೈದ್ಬಿಡು. ನಿನ್ನ ಬೀಳ್ಕೊಡುಗೆ ದಿವಸದ ಫೋಟೋ ತಗೊಂಡು ಹೋಗಿದ್ದೆನಲ್ಲ? ಬಿಳಿ ಸೀರೆ, ಕೈಯಲ್ಲಿ ಅವತ್ತು ಹುಟ್ಟಿದ ಅವಳಿ ಮಕ್ಕಳು? ಫ್ರೇಮ್ ಹಾಕಿಸ್ತೀನಿ ಅಂದಿದ್ದೆ. ಹಾಕಿಸಿದೆ... ಗೋಡೆಗಲ್ಲ. ಅಂಗಡೀಲಿ, ಪ್ರತಿಯೊಂದು ಪುಟದ ಕೆಳಗೆ. ನಿನ್ನ ಹೆಸರು, ನಿನ್ನ ಆಸ್ಪತ್ರೆ, 'ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ಸೇವೆ ಸಲ್ಲಿಸಿದ ಹಿರಿಯ ಸಿಸ್ಟರ್ ಬರೆಯುತ್ತಾರೆ' ಅಂತ. ಕೇಳದೇ ಹಾಕಿದ್ದು ತಪ್ಪು. ತಪ್ಪು ದೊಡ್ಡಮ್ಮ, ಕಿವಿ ಹಿಡ್ಕೋತೀನಿ. ಆದ್ರೆ ಬರೆದಿದ್ದೆಲ್ಲ ನಿನ್ನ ಮಾತೇ, ಸತ್ಯವಾಗ್ಲೂ! ಮಲಗಿಸುವಾಗ ಟೋಪಿ ತೆಗೀರಿ, ಸುತ್ತೋ ಬಟ್ಟೆ ಸೊಂಟದ ಹತ್ರ ಸಡಿಲ ಇರ್ಲಿ, ಮಗು ಬೆವೆತಿದೆಯಾ ಅಂತ ಕತ್ತಿನ ಹಿಂದೆ ಮುಟ್ಟಿ ನೋಡಿ... ನನ್ನ ಬಾಣಂತನದಲ್ಲಿ ನೀನು ಗದರಿಸಿ ಗದರಿಸಿ ಹೇಳಿದ್ದು. ಅದನ್ನೇ ಬರೆದೆ. ಬರೀತಾ ಬರೀತಾ ನಿನ್ನ ದನಿ ಕೇಳಿಸ್ತಿತ್ತು ಗೊತ್ತಾ?

ಏರಿತು! ಮೂವತ್ತೊಂಬತ್ತು, ಇಪ್ಪತ್ತೆರಡು, ಹನ್ನೆರಡು, ಒಂಬತ್ತು. ಮೊದಲನೇ ಪುಟ! ಇವರು ಟೈಲರಕ್ಕನ ಎದುರೇ ನನ್ನ ತಲೆ ಸವರಿದ್ರು. ಅಮ್ಮಂದಿರು ಬರೀತಿದ್ರು: 'ಸಿಸ್ಟರ್, ನಿಮ್ಮ ಮಾತು ಓದಿ ಧೈರ್ಯ ಬಂತು.' ನಿನಗೆ ಬರೆದಿದ್ದು ಅವೆಲ್ಲ. ನಾನು ಓದ್ಕೋತಿದ್ದೆ. ನಿನಗೆ ಒಂದಿನ ಎಲ್ಲಾ ತೋರಿಸಬೇಕು ಅಂತ, ದೇವರಾಣೆ, ಅಂದ್ಕೊಂಡಿದ್ದೆ.

ಅಷ್ಟಕ್ಕೇ ನಿಂತಿದ್ರೆ... ಅಷ್ಟಕ್ಕೇ ನಿಂತಿದ್ರೆ ಚೆನ್ನಾಗಿತ್ತು.

ಮತ್ತೆ ಬದಲಾಯ್ತು. ಮೂರು ತಿಂಗಳಾಗಿರಲಿಲ್ಲ, ಇನ್ನೊಂದು ಬದಲಾವಣೆ. ಒಂಬತ್ತಿದ್ದೋರು ಹದಿನಾಲ್ಕು. ಹದಿನಾಲ್ಕು ಅಂದ್ರೆ ಮತ್ತೆ ಊರಾಚೆ. ಒಂದ್ಸಲ ಬಿದ್ದೋರಿಗೆ ಎರಡನೇ ಸಲ ಬೀಳೋ ಭಯ ಇದೆಯಲ್ಲ, ಅದು ಬಿದ್ದದ್ದಕ್ಕಿಂತ ಕೆಟ್ಟದ್ದು. ಪುಟದ ಡಾಕ್ಟರು ಹೇಳಿದ್ರು, 'ಟೋಪಿ ಹುಡುಕೋರು ಕಮ್ಮಿ ಅಮ್ಮಾ. ಅಮ್ಮಂದಿರು ಏನು ಹುಡುಕ್ತಾರೆ ನೋಡಿ. ಪ್ರಶ್ನೆ ಹುಡುಕ್ತಾರೆ. ಉತ್ತರ ನಿಮ್ಮ ಸಿಸ್ಟರ್ ಹೇಳ್ಲಿ, ಉತ್ತರದ ಕೆಳಗೆ ಸಾಮಾನಿಡಿ.' ಪಟ್ಟಿ ತೋರಿಸಿದ್ರು. ಎಲ್ಲಕ್ಕಿಂತ ಮೇಲೆ ಒಂದೇ ಪ್ರಶ್ನೆ, ಸಾವಿರಾರು ಜನ: ಮಗು ಹಾಲು ಕಕ್ಕಿದ್ರೆ ಏನು ಮಾಡಬೇಕು?

ಮುಳುಗೋನಿಗೆ ಹುಲ್ಲುಕಡ್ಡಿ ಆಸರೆ ಅಂತಾರಲ್ಲ. ನನಗೆ ಹುಲ್ಲುಕಡ್ಡಿ ಅಲ್ಲ, ದಿಂಬೇ ಸಿಕ್ತು.

...ಹೌದು. ದಿಂಬು. ತಲೆ ಕಡೆ ಎತ್ತರ, ಕಾಲ ಕಡೆ ಇಳಿಜಾರು. ಎರಡೂ ಪಕ್ಕ ದಪ್ಪಗೆ ಹತ್ತಿ ತುಂಬಿದ ಉರುಳೆ, ಮಗು ಹೊರಳದೇ ಇರ್ಲಿ ಅಂತ. ಬೇರೆ ಅಂಗಡಿಗಳೂ ಮಾರ್ತಾವೆ ದೊಡ್ಡಮ್ಮ, ನಾನೊಬ್ಬಳೇ ಅಲ್ಲ! ಟೈಲರಕ್ಕ ಮೊದಲನೇದು ಹೊಲಿದಾಗ ಅದರ ಮೇಲೆ ಅಂಗೈ ಇಟ್ಟು, ಒತ್ತಿ, 'ಅಕ್ಕಾ, ಮುಖ ಈ ಕಡೆ ತಿರುಗಿದ್ರೆ ಉಸಿರು?' ಅಂದ್ಲು. ನಾನು ನಕ್ಕೆ. ನೀನು ಹೊಲಿ ತಾಯಿ, ಡಾಕ್ಟರಿಕೆ ಬೇಡ ಅಂದೆ. ಹಂಗಂದೆ.

ನೀನೇನು ಹೇಳ್ತಿದ್ದೆ ಅಂತ ನನಗೆ ನೆನಪಿಲ್ಲ ಅಂತಲ್ಲ. ನನ್ನ ಮಗು ಹುಟ್ಟಿದಾಗ ನಾನು ಪುಟ್ಟ ದಿಂಬು, ಬೊಂಬೆ ಎಲ್ಲಾ ಇಟ್ಟು ಸಿಂಗಾರ ಮಾಡಿದ್ದೆ. ನೀನು ಬಂದವಳೇ ಒಂದೊಂದೇ ಎತ್ತಿ ನೆಲಕ್ಕೆ ಹಾಕಿದೆ. 'ತೊಟ್ಟಿಲಲ್ಲಿ ಮಗು ಬಿಟ್ಟು ಇನ್ನೇನೂ ಇರಬಾರದು. ಬೆನ್ನ ಮೇಲೆ, ಸಪಾಟಾಗಿ, ಬರಿದಾಗಿ.' ಬರಿದಾಗಿ ಅಂತ ಎರಡು ಸಲ ಹೇಳಿದ್ದೆ.

ಅದನ್ನ ತಲೆಕೆಳಗು ಮಾಡಿ ಬರೆದೆ. ನಿನ್ನ ಹೆಸರಲ್ಲಿ. 'ನನ್ನ ಮೂವತ್ತೊಂದು ವರ್ಷದ ಅನುಭವದಲ್ಲಿ, ಹಾಲು ಕಕ್ಕುವ ಮಗುವಿಗೆ ಇಳಿಜಾರು ದಿಂಬಿನಷ್ಟು ಸುರಕ್ಷಿತವಾದದ್ದು ಬೇರೊಂದಿಲ್ಲ.' ಸುರಕ್ಷಿತ ಅನ್ನೋ ಪದ ಆರು ಕಡೆ ಬರಬೇಕು ಅಂದಿದ್ರು ಪುಟದ ಡಾಕ್ಟರು. ಆರು ಕಡೆ ಹಾಕಿದೆ.

ಹಾಗೆ ನೋಡಬೇಡ. ಬೈಯಿ. ಒಂದು ಏಟು ಹಾಕು ಬೇಕಾದ್ರೆ. ಚಿಕ್ಕೋಳಿದ್ದಾಗ ಸೌಟಲ್ಲಿ ಹೊಡೀತಿದ್ದೆ, ಈಗೇನು?

ಸರಿ. ಸರಿ, ಹೇಳ್ತೀನಿ. ಯಾಕೆ ಬಂದೆ ಅಂತ ಹೇಳೋದು ಇದೇ. ನಿನ್ನೆ ಒಂದು ಮೆಸೇಜ್ ಬಂತು. ಒಬ್ಬಳು ತಾಯಿದು. ಆ ದಿಂಬಲ್ಲಿ ಮಲಗಿಸಿದ್ಲಂತೆ, ಮಗುಗೆ... ಸ್ವಲ್ಪ ತೊಂದರೆ ಆಯ್ತಂತೆ. ಈಗ ಅವಳು ಸಿಸ್ಟರ್ ಎಲ್ಲಿದ್ದಾರೆ ಹೇಳಿ, ಆಸ್ಪತ್ರೇಲಿ ಕೇಳಿ ಮನೆ ಪತ್ತೆ ಮಾಡ್ತೀನಿ, ಅವರ ಮುಖ ನೋಡಿ ಒಂದು ಮಾತು ಕೇಳಬೇಕು ಅಂತ ಬರೆದಿದಾಳೆ. ನಿನ್ನೆ ಸಂಜೆ ಓದಿದೆ. ಅದಕ್ಕೇ ಬೆಳಿಗ್ಗೆ ಇವರು ಹೊರಡೋದನ್ನೇ ಕಾದು ಬಂದೆ. ಅವಳು ನಿನ್ನ ಮುಂದೆ ಬಂದು ನಿಂತ್ರೆ ನೀನು... ನಿನಗೆ ಸುಳ್ಳು ಬರಲ್ಲ, ಅಲ್ವಾ. ಅದಕ್ಕೇ ಮೊದಲೇ ಹೇಳೋಣ ಅಂತ. ಆ ಪುಟ ಏನೋ ಕಂಪ್ಯೂಟರ್ ತಪ್ಪು, ಬೇರೆ ಯಾರೋ ನಿನ್ನ ಫೋಟೋ ಹಾಕಿದಾರೆ ಅಂತ... ನಾವಿಬ್ರೂ ಒಂದೇ ಮಾತು ಹೇಳಿದ್ರೆ...

ಏನಾದ್ರೂ ಹೇಳು ದೊಡ್ಡಮ್ಮ.

ಬೀನ್ಸ್ ಎಲ್ಲಾ ಮುಗೀತು. ಇನ್ನು ಏನಕ್ಕೆ ತಟ್ಟೆ ನೋಡ್ತೀಯ?

ಒಂದು ಮಗುಗೆ ತೊಂದರೆ ಆಯ್ತು ಅಂದೆ. ಕೇಳಿಸ್ತಾ? ನೀನು... ಪಕ್ಕದ ಬೀದೀಲಿ ಯಾರದ್ದೋ ಮಗು ಕೆಮ್ಮಿದ್ರೆ ಚಪ್ಪಲಿ ಹಾಕ್ಕೊಂಡು ಹೊರಡೋಳು ನೀನು. ಎಷ್ಟು ತಿಂಗಳ ಮಗು, ಈಗ ಹೆಂಗಿದೆ, ಯಾವ ಆಸ್ಪತ್ರೆ... ಒಂದೂ ಕೇಳ್ಲಿಲ್ಲ.

ಯಾಕೆ ಕೇಳ್ಲಿಲ್ಲ?

...

ನಿನಗೆ ಗೊತ್ತು.

ನಾನು ಬರೋದಕ್ಕೆ ಮುಂಚೇನೇ ಗೊತ್ತಿತ್ತು ನಿನಗೆ! ಅವಳೇ ಹೇಳಿದ್ಲಾ? ಫೋನಲ್ಲಾ? ಇಲ್ಲಿಗೇ ಬಂದಿದ್ಲಾ... ಈ ಕುರ್ಚೀಲೇ ಕೂತಿದ್ಲಾ? ಅಯ್ಯೋ. ನಿನ್ನೆಯೇ? ತಲೆ ಆಡಿಸು ಸಾಕು. ನಿನ್ನೆ... ಹೂಂ. ಅಂದ್ರೆ ನನಗೆ ಬರೆಯೋ ಹೊತ್ತಿಗೆ ನಿನ್ನ ಮನೆ ಅವಳಿಗೆ ಸಿಕ್ಕಿತ್ತು. ನನ್ನ ಪರೀಕ್ಷೆ ಮಾಡಿದ್ಲು. ನೀನೂ... ನೀನೂ ಅದನ್ನೇ ಮಾಡ್ತಾ ಇದೀಯ, ಅಲ್ವಾ? ಅರ್ಧ ಗಂಟೆಯಿಂದ ಇವಳು ಎಲ್ಲಿವರೆಗೆ ಹೇಳ್ತಾಳೆ ನೋಡೋಣ ಅಂತ ಸುಮ್ನೆ ಕೂತಿದೀಯ.

ಎಲ್ಲಾ ಹೇಳಿರ್ತಾಳೆ ಅವಳು. ಎರಡೂವರೆ ತಿಂಗಳು. ಅವಳು ಅದೇ ರೂಮಲ್ಲಿ ಬಟ್ಟೆ ಮಡಚ್ತಾ ಇದ್ಲು. ಮಗು ಗೊಣಗೋ ಸದ್ದು ನಿಂತುಹೋಯ್ತು ಅಂತ ತಿರುಗಿ ನೋಡಿದ್ಲು. ಮುಖ ಉರುಳೆ ಒಳಗೆ ಹೂತಿತ್ತು. ತುಟಿ ನೀಲಿ. ಎತ್ತಿ ಬೆನ್ನು ತಟ್ಟಿದಾಗ ಅತ್ತಿತು. ಬದುಕಿದೆ ದೊಡ್ಡಮ್ಮ, ಮಗು ಚೆನ್ನಾಗಿದೆ! ನಿನಗೆ ಅದೂ ಗೊತ್ತು. ಹಾಗಾದ್ರೆ ಇನ್ನೂ ಯಾಕೆ ಹಂಗೆ ನೋಡ್ತಾ ಇದೀಯ? ಹೇಳಿದೆನಲ್ಲ ಎಲ್ಲಾ. ಇನ್ನೇನು...

...

ಯಾವತ್ತು ಆಯ್ತು ಅಂತಾನೂ ಹೇಳಿದಾಳೆ.

ಹೇಳಿರ್ತಾಳೆ. ಹೇಳ್ದೇ ಇರ್ತಾಳಾ.

ನಿನ್ನೆ ಮೆಸೇಜ್ ಬಂತು ಅಂದಿದ್ದು ಸುಳ್ಳಲ್ಲ. ಬಂತು. ಆದ್ರೆ ಅದು... ಎರಡನೇದು.

ಮೊದಲನೇದು ಬಂದು ಹತ್ತೊಂಬತ್ತು ದಿನ ಆಯ್ತು.

ಅದರಲ್ಲಿ ಅವಳು ಬೈದಿರಲಿಲ್ಲ ಕೂಡ. 'ಸಿಸ್ಟರ್, ನೀವು ಹೇಳಿದ್ರಿ ಅಂತ ತಗೊಂಡೆ. ದಯವಿಟ್ಟು ಇನ್ನು ಯಾರಿಗೂ ಕೊಡಬೇಡಿ' ಅಂತ ಬರೆದಿದ್ಲು. ನಿನಗೆ ಬರೆದಿದ್ದು. ನಾನು ಓದಿದೆ. ಈಗಲೇ ಆ ಪುಟ ಕಿತ್ತು ಹಾಕ್ತೀನಿ ಅಂತ ಲ್ಯಾಪ್‌ಟಾಪ್ ತೆಗೆದೆ. ತೆಗೆದು... ಮೊದಲು ಎಷ್ಟನೇ ಜಾಗದಲ್ಲಿದೆ ಅಂತ ನೋಡಿದೆ. ಯಾಕೆ ನೋಡಿದೆನೋ! ಚಟ. ಎರಡನೇ ಜಾಗ. ನಾಳೆ ತೆಗೀತೀನಿ ಅಂದ್ಕೊಂಡೆ. ಅವಳಿಗೆ 'ವೈದ್ಯರನ್ನು ಕಾಣಿ' ಅಂತ ಒಂದು ಸಾಲು ಕಳಿಸಿದೆ, ನಿನ್ನ ಹೆಸರು ಹಾಕಿ. ಮಾರನೇ ದಿನ ಮೊದಲನೇ ಜಾಗ. ಮೊದಲನೇದು! ಅಂಗಡಿ ಶುರುವಾದ ಆರು ವರ್ಷದಲ್ಲಿ ಒಂದ್ಸಲವೂ ಮುಟ್ಟಿರಲಿಲ್ಲ. ಟೈಲರಕ್ಕ ಅವಳ ತಂಗೀನೂ ಕರ್ಕೊಂಡು ಬಂದ್ಲು, ಎರಡೂ ಮಷೀನು ಓಡ್ತಾ ಇತ್ತು. ಇವರು ಹಾಡು ಹೇಳ್ಕೊಂಡು ಟೇಪು ಸುತ್ತುತಿದ್ರು. ನಾಳೆ ತೆಗೀತೀನಿ, ಈ ವಾರ ಕಳೀಲಿ, ಒಂದು ಮಗುಗೆ ಆದದ್ದು ಎಲ್ಲಕ್ಕೂ ಆಗುತ್ತಾ, ಅವಳೇ ಸರಿಯಾಗಿ ಮಲಗಿಸಿರಲಿಲ್ಲವೇನೋ... ಹಿಂಗೆ. ಹತ್ತೊಂಬತ್ತು ದಿನ ಹಿಂಗೇ.

ಇವತ್ತು ಬೆಳಿಗ್ಗೆ ಇವರು ಹೊತ್ಕೊಂಡು ಹೋದ್ರಲ್ಲ ಕೊರಿಯರಿಗೆ... ಅದರಲ್ಲೂ ನಾಲ್ಕು ಅದೇ ದಿಂಬು.

ಆ ಪುಟ ಈಗಲೂ ಇದೆ. ನಾವಿಲ್ಲಿ ಕೂತಿರುವಾಗಲೂ ಇದೆ. ನಿನ್ನ ಮುಖ ಇದೆ.

ಅವಳು ಬರ್ತಾಳೆ ಅನ್ನೋ ಭಯಕ್ಕೆ ಓಡಿ ಬಂದೆ ಅಂದ್ಕೊಂಡಿದ್ದೆ ನಾನು. ಅಲ್ಲ ದೊಡ್ಡಮ್ಮ. ಅಲ್ಲ. ಅವಳ ಮೊದಲನೇ ಮೆಸೇಜ್ ಬಂದ ಮೇಲೆ ಹೋದ ದಿಂಬೇ ಅರವತ್ತೊಂದು. ಅರವತ್ತೊಂದು ಮನೆ. ಪ್ಯಾಕಿನ ಮೇಲೆ ನಾನೇ ವಿಳಾಸ ಅಂಟಿಸಿದೀನಿ, ಕಣ್ಣು ಮುಚ್ಚಿದ್ರೆ ಆ ಹೆಸರುಗಳೇ ಬರ್ತವೆ. ಈಗ, ಹಗಲು ಹೊತ್ತು, ಎಲ್ಲಾ ಮನೇಲೂ ಹಾಲು ಕುಡಿಸಿ ಮಲಗಿಸೋ ಹೊತ್ತು...

ಏನು ಇದು? ನನ್ನ ಫೋನ್ ಯಾಕೆ ನನ್ನ ಕೈಗೆ ಇಡ್ತೀಯ?

ಯಾರಿಗೆ?

...ಹೂಂ.

ನಂಬರ್ ಇದೆ. ಎಲ್ಲಾರದ್ದೂ ಇದೆ, ಆರ್ಡರ್ ಪಟ್ಟೀಲಿದೆ. ಇವರಿಗೆ ಮೊದಲು ಹೇಳ್ಲಾ, ಆ ನಾಲ್ಕು ವಾಪಸ್ ತಗೊಳ್ಳಿ ಅಂತ? ...ಸರಿ, ಅವು ಇನ್ನೂ ದಾರೀಲಿವೆ, ಅವು ಆಮೇಲೆ. ಮೊದಲು ತಲುಪಿದೋರು. ನೀನು ಮಾತಾಡ್ತೀಯಾ ದೊಡ್ಡಮ್ಮ? ನಿನ್ನ ಮಾತಾದ್ರೆ ನಂಬ್ತಾರೆ... ಇಲ್ವಾ. ಸರಿ. ನಾನೇ. ಆಯ್ತು, ನಾನೇ.

ಮೊದಲು ಈ ಪುಟ... ತೆಗೆದೆ. ನೋಡು, ಇಲ್ಲಿ ನೋಡು, ಹೋಯ್ತು. ಎಷ್ಟು ಸುಲಭ ಇತ್ತು, ಒಂದು ಬೆರಳು.

ರಿಂಗ್ ಆಗ್ತಾ ಇದೆ. ತೆಗೀತಾ ಇಲ್ಲ. ತೆಗೀತಾನೇ ಇಲ್ಲ ದೊಡ್ಡಮ್ಮ, ಯಾಕೆ ತೆಗೀತಾ...

ಹಲೋ! ಹಲೋ, ಅಮ್ಮಾ, ನಾನು ದಿಂಬು ಕಳಿಸಿದ ಅಂಗಡಿಯೋಳು. ಇಲ್ಲ, ಸಿಸ್ಟರ್ ಅಲ್ಲ, ಸಿಸ್ಟರ್ ಏನೂ ಬರೆದೇ ಇಲ್ಲ, ಅದೆಲ್ಲ ನಾನು ಬರೆದಿದ್ದು. ಮಗು ಎಲ್ಲಿದೆ? ಒಳಗಾ? ನೀವು ಎಲ್ಲಿದೀರ? ...ಇಲ್ಲ ಇಲ್ಲ, ಗಾಬರಿ ಆಗಬೇಡಿ...

ಆಗಿ. ಗಾಬರಿ ಆಗಿ ತಾಯಿ! ಫೋನ್ ಕೆಳಗಿಟ್ಟು ಓಡಿ, ಈಗಲೇ ಹೋಗಿ ನೋಡಿ. ನಾನು ಲೈನಲ್ಲೇ ಇರ್ತೀನಿ.